ಪರರಾಜ್ಯದೊಡನೆ ಮಾತಾಡುವ ಹಕ್ಕು

ಚಾಮರಾಜನಗರ ಸೀಮೆಯ ಕುದೇರಿನಂಥ ಊರಿನವನು ವಿದೇಶಾಂಗ ನೀತಿಯನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಮೈಸೂರಿನ ಮಣ್ಣಿಗೂ ಆ ವಿಷಯಕ್ಕೂ ಹಳೆಯ ನಂಟುಂಟು. ಟಿಪ್ಪುವಿನ ರಾಯಭಾರಿಗಳು ಇಸ್ತಾಂಬುಲ್, ಪ್ಯಾರಿಸ್‌ಗಳವರೆಗೆ ಹೋಗಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರೊಡನೆ ಆದ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ತೆರಬೇಕಾಯಿತು. ಅಷ್ಟೇ ಅಲ್ಲ, ಕಂಪನಿಗೆ ತಿಳಿಸದೆ ಯಾವ ಪರರಾಜ್ಯದೊಡನೆಯೂ ಪತ್ರವ್ಯವಹಾರ ಮಾಡಕೂಡದೆಂದಾಯಿತು. ತೆತ್ತ ಹಣವನ್ನು ಮತ್ತೆ ಗಳಿಸಬಹುದು. ಕಳೆದ ಮಾತನ್ನು ಗಳಿಸುವುದು ಸುಲಭವಲ್ಲ. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿತು; ಈ ಹಕ್ಕು ಮಾತ್ರ ಮರಳಲಿಲ್ಲ.

1947ರಲ್ಲಿ ಅದು ಇಡೀ ಭಾರತಕ್ಕೇ ದೊರೆಯಿತು. ದೊರೆತ ಹಕ್ಕನ್ನು ಬಳಸುವ ಪರೀಕ್ಷೆ ಬಂದುದು 1950ರ ಜೂನ್ 25ರಂದು, ಕೊರಿಯದಲ್ಲಿ ಯುದ್ಧ ಸಿಡಿದಾಗ. ಆ ತಿಂಗಳು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ದಕ್ಷಿಣ ಕನ್ನಡದ ಬೆನಗಲ್ ನರಸಿಂಗರಾಯರು. ನಮ್ಮ ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದವರು. ಉತ್ತರ ಕೊರಿಯದ ದಾಳಿಯನ್ನು ಖಂಡಿಸಿದ ನಿರ್ಣಯಕ್ಕೆ ಭಾರತ ಮತವಿತ್ತಿತು. ಅಮೆರಿಕದ ನಾಯಕತ್ವದಲ್ಲಿ ಒಂದು ಸೇನೆಯನ್ನು ಕಟ್ಟುವ ಜುಲೈ 7ರ ನಿರ್ಣಯ ಬಂದಾಗ ತಟಸ್ಥವಾಯಿತು. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರನೆಂದು ಸಾರುವ ನಿರ್ಣಯವನ್ನು ವಿರೋಧಿಸಿತು. ಯುದ್ಧಭೂಮಿಗೆ ಕಳುಹಿಸಿದ್ದು ಕಾದಾಡುವ ಪಡೆಯನ್ನಲ್ಲ, ವೈದ್ಯಕೀಯ ದಳವನ್ನು.

ಇದನ್ನು ಪಾಠದ ನಡುವೆ ಹೇಳಿದಾಗ ಒಬ್ಬ ವಿದ್ಯಾರ್ಥಿ ಕೇಳಿದ್ದ: “ಸಾರ್, ಇದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತಲ್ಲವೇ?” ಆ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಸುಮ್ಮನಿದ್ದು ಜಾರಿಕೊಳ್ಳುವುದೂ ಸ್ವತಂತ್ರವಾಗಿ ನಿರ್ಧರಿಸುವುದೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಹೊಣೆ ಹೊರುವ ಹೊತ್ತು ಬಂದಾಗ.

ಆ ಹೊತ್ತು 1953ರಲ್ಲಿ ಬಂದಿತು. ತಾಯ್ನಾಡಿಗೆ ಹಿಂದಿರುಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಏನು ಮಾಡುವುದು? ಅದಕ್ಕಾಗಿ ಐದು ರಾಷ್ಟ್ರಗಳ ಆಯೋಗ ನೇಮಕವಾಯಿತು. ಅಧ್ಯಕ್ಷತೆ ಭಾರತಕ್ಕೆ ಬಂದಿತು; ಆ ಪೀಠದಲ್ಲಿ ಕುಳಿತವರು ಕೊಡಗಿನ ಜನರಲ್ ತಿಮ್ಮಯ್ಯನವರು. ಕೈದಿಗಳನ್ನು ಕಾಯ್ದವರು ಭಾರತದ ಸೈನಿಕರು. ಎರಡು ಕಡೆಯವರ ಅಸಮಾಧಾನವನ್ನೂ ಸಹಿಸಿ ಅವರು ನಡುವೆ ನಿಂತರು. ಯಾವ ಪಾಳೆಯಕ್ಕೂ ಸೇರದಿದ್ದುದರಿಂದಲೇ ಆ ಕೆಲಸ ನಮ್ಮ ಪಾಲಿಗೆ ಬಂದಿತ್ತು.

ನಮ್ಮ ನಡೆಯೆಲ್ಲ ನಿರ್ದೋಷವಾಗಿತ್ತೆಂದು ನಾನು ಹೇಳಲಾರೆ. 1956ರಲ್ಲಿ ಸೂಯೆಜ್ ಆಕ್ರಮಣವನ್ನು ಕೂಡಲೇ ಖಂಡಿಸಿದ ಭಾರತ, ಹಂಗೆರಿಗೆ ರಷ್ಯದ ಸೇನೆ ನುಗ್ಗಿದಾಗ ತಡವರಿಸಿತು. ಅದನ್ನೂ ಆ ವಿದ್ಯಾರ್ಥಿಗೆ ಹೇಳಬೇಕಿತ್ತು. ಸ್ವಂತ ಮಾತಿನ ಹಕ್ಕು ಬಂದ ಮೇಲೆ ತಪ್ಪೂ ನಮ್ಮದೇ ಆಗುತ್ತದೆ. ಕಂಪನಿಯ ಮೇಲೆ ಹೊರಿಸುವಂತಿಲ್ಲ. 1799ರ ಮೈಸೂರಿಗೆ ಆ ಭಾಗ್ಯ ಉಳಿಯಲಿಲ್ಲ. ನಮಗೆ ಅದು ಉಂಟು ಎಂಬುದನ್ನು ಮರೆಯದಿರೋಣ.