ಲಾಯ ಮನೆಯಾಗುವ ಮೊದಲು

ಇವತ್ತಿನ ಕಥೆ ಕುಮಾರ ಪಾರ್ಕಿನದು. ಈ ಕಡೆ ಹಳೇ ಬಂಗಲೆಗಳ ಹಿಂದೆ, ಕಾಂಪೌಂಡಿನ ಮೂಲೆಯಲ್ಲಿ, ಅಗಲ ಬಾಗಿಲಿನ ಉದ್ದನೆ ಹೆಂಚಿನ ಕಟ್ಟಡ ನೋಡಿದ್ದೀರಾ? ಈಗ ಗ್ಯಾರೇಜೋ ಗೋಡೌನೋ ಆಗಿರುತ್ತೆ. ಮೊದಲು ಅದು ಕುದುರೆ ಲಾಯ ಆಗಿದ್ದಿರಬಹುದು.

ಇಲ್ಲೇ ಇರೋ ಕುಮಾರ ಕೃಪಾ, 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಮನೆ. ಈಗ ಸರ್ಕಾರಿ ಅತಿಥಿಗೃಹ. ಆ ಕಾಲದಲ್ಲಿ ದೊಡ್ಡ ಮನೆ ಅಂದ್ರೆ ಸಾರೋಟು, ಕುದುರೆ, ಹುಲ್ಲು, ಹುರುಳಿ, ಇದನ್ನೆಲ್ಲ ನೋಡಿಕೊಳ್ಳೋ ಆಳು.

ಪರಿಚಯದವರೊಬ್ಬರು ತಮ್ಮ ಹಿತ್ತಲಿನ ಲಾಯವನ್ನ ಮನೆ ಮಾಡಿಸ್ತಿದ್ದಾರೆ. "ಕೆಲಸ ಶುರುವಾಗೋಕೆ ಇನ್ನೊಂದು ವಾರ ಇದೆ, ಬಂದು ಬರ್ಕೊಳ್ಳಿ" ಅಂದ್ರು. ಟೇಪು, ಟಾರ್ಚು, ಫೋನು ಹಿಡಿದು ಹೋದೆ.

ಒಂದು ಹೆಂಚು ತಿರುಗಿಸಿ ನೋಡಿದೆ. ಬಾಸೆಲ್ ಮಿಷನ್, 1865 ಅಂತಿತ್ತು. ಹಿಂದೊಮ್ಮೆ ಬೇರೆ ಕಡೆ ಇದೇ ಮುದ್ರೆ ನಂಬಿ "1865ರ ಕಟ್ಟಡ" ಅಂತ ಬರೆದು ಮುಜುಗರಪಟ್ಟಿದ್ದೆ. ಅದು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಹೆಂಚು ಮಾಡಿದ ವರ್ಷ ಅಲ್ಲ!

ನಿಜವಾದ ಮಾಹಿತಿ ಇದ್ದದ್ದು ನೆಲದಲ್ಲಿ. ಕಲ್ಲು ಚಪ್ಪಡಿ ಸ್ವಲ್ಪ ಇಳಿಜಾರು, ಕೊನೆಗೊಂದು ಸಣ್ಣ ಮೋರಿ, ಗಂಜಲ ಹರಿದು ಹೋಗೋಕೆ. ಕಾಲು ಜಾರದಿರಲಿ ಅಂತ ಕಲ್ಲಿಗೆ ಗೀರು. ಎರಡು ಕಡೆ ಆ ಗೀರು ಸವೆದು ನುಣ್ಣಗಾಗಿತ್ತು. ಅದರ ಎದುರು ಗೋಡೆಯಲ್ಲಿ ಎರಡು ಕಬ್ಬಿಣದ ಬಳೆ. ಅಂದ್ರೆ ಎರಡು ಕುದುರೆ. ಮನೆ ಮಾಡೋವಾಗ ಮೊದಲು ಹೋಗೋದೇ ಈ ನೆಲ. ಮಟ್ಟ ಮಾಡಿ ಟೈಲ್ಸ್ ಹಾಕಿದ್ರೆ ಮುಗೀತು.

ಪಕ್ಕದಲ್ಲೊಂದು ಕೋಣೆ. 6 ಅಡಿ ಅಗಲ, 8 ಅಡಿ ಉದ್ದ. ಮೂಲೆಯಲ್ಲಿ ಗೋಡೆ ತುಂಬ ಒಲೆಯ ಮಸಿ. ಯಾರೋ ಇಲ್ಲೇ ಬೇಯಿಸ್ಕೊಂಡು, ಇಲ್ಲೇ ಮಲಗ್ತಿದ್ರು. ಒಂದು ಕುದುರೆ ನಿಲ್ಲೋ ಜಾಗ ಅಳೆದೆ: 6 ಅಡಿ, 10 ಅಡಿ. ಆಳಿಗಿಂತ ಕುದುರೆಗೇ ಜಾಸ್ತಿ ಜಾಗ. ದಿವಾನರ ಹೆಸರಲ್ಲಿ ಪಕ್ಕದಲ್ಲೇ ಶೇಷಾದ್ರಿಪುರಂ ಇದೆ. ಈ ಮನುಷ್ಯನ ಗುರುತು ಅಂತ ಉಳಿದಿದ್ದು ಆ ಮಸಿ ಮಾತ್ರ.

ಹಾಗಂತ ಲಾಯವನ್ನ ಮನೆ ಮಾಡಬೇಡಿ ಅನ್ನಲ್ಲ. ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋದಕ್ಕಿಂತ ಇದು ಎಷ್ಟೋ ವಾಸಿ. ಇಂಗ್ಲೆಂಡಿನಲ್ಲಿ ಹಳೇ ಲಾಯಗಳನ್ನ ಮನೆ ಮಾಡೋಕೆ ಅನುಮತಿ ಕೊಡುವಾಗ, ಮೊದಲು ಅಳತೆ, ನಕ್ಷೆ, ಫೋಟೋ ಮಾಡಿಡಿ ಅಂತ ಷರತ್ತು ಹಾಕೋದುಂಟು. ಇಲ್ಲಿ ಮಾಲೀಕರಿಗೆ ತಾವಾಗೇ ಅನ್ನಿಸಿತ್ತು, ಅಷ್ಟೇ.

ಮಸಿ ಗೋಡೆ ಉಳಿಸಬಹುದಾ ಅಂತ ಕೇಳಿದೆ. "ಅಲ್ಲಿ ಬಾತ್‌ರೂಮ್ ಬರುತ್ತಲ್ಲ ಸಾರ್" ಅಂದ್ರು. ಸರಿ ಅಂತ, ಗೋಡೆಗೆ ಟೇಪು ಹಿಡಿದು, ಅಳತೆ ಕಾಣೋ ಹಾಗೆ ಫೋಟೋ ತಗೊಂಡೆ.

ನಿಮ್ಮ ಮನೆ ಹಿಂದೆಯೂ ಇಂಥ ಔಟ್‌ಹೌಸ್ ಇದೆಯಾ? ಈ ಭಾನುವಾರ ಒಂದು ಗಂಟೆ ಕೊಡಿ. ನೆಲದಿಂದ ಶುರು ಮಾಡಿ. ಅಲ್ಲಿ ಯಾರಿದ್ರು ಅಂತ ಅಜ್ಜಿಯನ್ನ ಕೇಳಿ, ಹೆಸರು ಬರೆದಿಡಿ. ನನಗೆ ಆ ಹೆಸರು ಸಿಗಲಿಲ್ಲ.