ಬಿದನೂರಿಗೆ ಹೊರಟ ಹೈದರನೂ ನಮ್ಮ ಮದಕರಿಯೂ

ಜಾತ್ರೆಗೆ ಊರಿಗೆ ಹೋಗಿದ್ದೆ. ತಿಪ್ಪೇರುದ್ರಸ್ವಾಮಿ ಗುಡಿ ಹತ್ತಿರ ಚಹಾ ಕುಡೀತಾ ಕೂತಾಗ ಮಾತು ದುರ್ಗದ ಕಡೆ ಹೊರಳಿತು. ನಾಯಕನಹಟ್ಟಿಯಲ್ಲಿ ಏನೇ ಮಾತು ತೆಗೆದರೂ ಕೊನೆಗೆ ಮದಕರಿನಾಯಕ ಬಂದೇ ಬರ್ತಾನೆ ಬಿಡಿ! (ನಮ್ಮ ಹಟ್ಟಿಗೂ ಒಂದು ಕಾಲಕ್ಕೆ ಸ್ವಂತ ಪಾಳೆಯಗಾರರಿದ್ದರು. ಆಮೇಲೆ ದುರ್ಗದವರೇ ನುಂಗಿಕೊಂಡರು. ಆದರೂ ಅಭಿಮಾನವೆಲ್ಲ ದುರ್ಗಕ್ಕೇ.) 1779ರಲ್ಲಿ ಒಳಗಿನವರೇ ಕೈಕೊಟ್ಟಿದ್ದರಿಂದ ಕೋಟೆ ಬಿತ್ತು ಅಂತ ಎಲ್ಲರೂ ಮರುಗಿದರು. ನಿಜವೇ. ಆದರೆ ನನ್ನನ್ನು ಕಾಡೋದು ಅದಕ್ಕೂ ಹದಿನಾರು ವರ್ಷ ಹಿಂದಿನ ಒಂದು ಸಂಗತಿ.

1761ರಲ್ಲಿ ಸಿರಾ ಹೈದರಾಲಿಯ ಕೈಸೇರಿತು. ಅಲ್ಲಿಂದ ಅವನು ಸುತ್ತಲಿನ ಪಾಳೆಯಗಾರರಿಗೆಲ್ಲ ತಲೆಬಾಗಲು ಹೇಳಿಕಳಿಸಿದ. ಮದಕರಿ ತಡಮಾಡಿದ, ಹೈದರನ ಕುದುರೆದಂಡು ಬಂದು ನಾಡನ್ನು ಸೂರೆಮಾಡಿತು. ದಂಡ ತೆತ್ತು ಒಪ್ಪಿಕೊಳ್ಳದೆ ಗತಿಯಿರಲಿಲ್ಲ. ಇಲ್ಲಿವರೆಗೆ ನಾನು ಅವನನ್ನು ದೂರುವುದಿಲ್ಲ.

ಆಗ ದುರ್ಗದಲ್ಲಿ ಒಬ್ಬನಿದ್ದ. ಸತ್ತನೆಂದು ಎಲ್ಲರೂ ನಂಬಿದ್ದ ಬಿದನೂರಿನ ದೊರೆ ಚನ್ನಬಸವ ತಾನೇ ಎನ್ನುತ್ತಿದ್ದ. ನಿಜವೋ ವೇಷವೋ, ಆ ಮಾತು ಬೇರೆ. 1763ರ ಆರಂಭದಲ್ಲಿ ಮದಕರಿ ಇವನನ್ನು ಹೈದರನ ಮುಂದೆ ನಿಲ್ಲಿಸಿದ. ಹೈದರನಿಗೆ ಬೇಕಾಗಿದ್ದೂ ಇಂಥದೇ ಒಂದು ನೆಪ. 'ನ್ಯಾಯವಾದ ವಾರಸುದಾರನಿಗೆ ಗದ್ದಿಗೆ ಕೊಡಿಸ್ತೀನಿ' ಅಂತ ದಂಡೆತ್ತಿ ಹೋದ, ಮಾರ್ಚ್ ಹೊತ್ತಿಗೆ ಬಿದನೂರು ಹಿಡಿದ. ವಾರಸುದಾರನಿಗೆ ಸಿಕ್ಕಿದ್ದು ಮಧುಗಿರಿಯ ಸೆರೆ! ಯಾರನ್ನು ಇಳಿಸಲು ಬಂದಿದ್ದನೋ ಆ ರಾಣಿ ವೀರಮ್ಮಾಜಿಯೂ ಅಲ್ಲೇ. 1767ರಲ್ಲಿ ಮರಾಠರು ಬಂದು ಬಿಡಿಸುವವರೆಗೂ ಅವರಿಗೆ ಅದೇ ಗತಿ.

ಮದಕರಿಗೆ ಕಾರಣವಿತ್ತು ಅಂತೀರಾ? ಇತ್ತು. 1748ರ ಸುಮಾರಿಗೆ ಮಾಯಕೊಂಡದಲ್ಲಿ ದುರ್ಗದ ಹಿಂದಿನ ದೊರೆ ಸತ್ತದ್ದು ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಜೊತೆ ಬಿದನೂರೂ ಸೇರಿದ್ದ ಸೈನ್ಯದ ಎದುರು. ಹಳೇ ಸೇಡೂ ತೀರುತ್ತೆ, ಹೈದರನ ಕಣ್ಣೂ ಬೇರೆ ಕಡೆ ತಿರುಗುತ್ತೆ, ಮೇಲೆ ಧರ್ಮದ ಹೆಸರು! ಲೆಕ್ಕ ಚೆನ್ನಾಗಿಯೇ ಇತ್ತು.

ಆದರೆ ಪಶ್ಚಿಮಕ್ಕಿದ್ದ ದೊಡ್ಡ ರಾಜ್ಯವೊಂದು ಮಾಯವಾಗಿ ಅಲ್ಲೂ ಹೈದರನೇ ಬಂದು ಕೂತ. 1777ರಲ್ಲಿ ಮರಾಠರೂ ನಿಜಾಮನೂ ಒಂದಾಗಿ ಹೈದರನ ಮೇಲೆ ಬಂದಾಗ, ಯಾರು ಗೆಲ್ತಾರೋ ನೋಡೋಣ ಅಂತ ಮದಕರಿ ದಂಡು ಕಳಿಸದೆ ಕಾದ. ಹೈದರ್ ಉಳಿದುಕೊಂಡ, ದುರ್ಗಕ್ಕೆ ಮುತ್ತಿಗೆ ಬಿತ್ತು. ಒಮ್ಮೆ ಹಣ ತೆತ್ತು ಪಾರಾದರೂ ಎರಡನೇ ಸಲ ಆಗಲಿಲ್ಲ. 1779ರಲ್ಲಿ ಅವನೂ ಕುಟುಂಬದವರೂ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದರು. ಜೊತೆಗೆ ಸುಮಾರು 20,000 ಬೇಡರು. ಅವರ ಹುಡುಗರಿಂದ ಹೈದರ್ ತನ್ನ ಚೇಲಾ ಪಡೆ ಕಟ್ಟಿದ.

ಇದನ್ನೆಲ್ಲ ಹೇಳಿದಾಗ ನಮ್ಮ ದೊಡ್ಡಪ್ಪ ಸಿಟ್ಟಾದರು. "ಮತ್ತೇನು ಮಾಡಬೇಕಿತ್ತಪ್ಪಾ? ಒಬ್ನೇ ಎದುರು ನಿಂತು ಸಾಯಬೇಕಿತ್ತಾ?"

ಬೇಡ ದೊಡ್ಡಪ್ಪ, ದಂಡ ಕೊಡಲಿ, ದಂಡು ಕಳಿಸಲಿ, ಅದು ಬಲವಂತ. ಮರೆಹೊಕ್ಕವನನ್ನು ತಾನಾಗಿಯೇ ಮುಂದೆ ತಂದು ನಿಲ್ಲಿಸಿದ್ದು ಮಾತ್ರ ಯಾರ ಬಲವಂತವೂ ಅಲ್ಲ ಅಂದೆ. ಅವರು ಒಪ್ಪಲಿಲ್ಲ. ಚಹಾದ ದುಡ್ಡು ಮಾತ್ರ ಅವರೇ ಕೊಟ್ಟರು :)