ಸದಸ್ಯತ್ವವೇ ಪರವಾನಗಿಯಾಗಿದ್ದ ಕಾಲ: ಆಕ್ಯುಪೇಷನಲ್ ಥೆರಪಿ ಸಂಘಗಳ ಚರಿತ್ರೆ

ಪಾರ್ಶ್ವವಾಯು ಬಡಿದವರು ಮತ್ತೆ ತಮ್ಮ ಕೈಯಾರೆ ಉಣ್ಣುವಂತೆ, ಕೈ ಕಳೆದುಕೊಂಡ ಕಾರ್ಮಿಕ ಮರಳಿ ಕೆಲಸಕ್ಕೆ ಹೋಗುವಂತೆ, ಬೆಳವಣಿಗೆ ಕುಂಠಿತವಾದ ಮಗು ಪೆನ್ಸಿಲು ಹಿಡಿಯುವಂತೆ ಮಾಡುವುದು ಆಕ್ಯುಪೇಷನಲ್ ಥೆರಪಿಸ್ಟರ ಕಸುಬು. ವೈದ್ಯರಿಗೂ ನರ್ಸ್‌ಗಳಿಗೂ ಶಾಸನಬದ್ಧ ಪರಿಷತ್ತುಗಳಿದ್ದ ನಮ್ಮ ದೇಶದಲ್ಲಿ ಇವರಿಗೆ 2021ರವರೆಗೆ ರಾಷ್ಟ್ರಮಟ್ಟದ ಕಾನೂನೇ ಇರಲಿಲ್ಲ. ಯಾರನ್ನು ಥೆರಪಿಸ್ಟ್ ಎನ್ನಬೇಕು, ಯಾವ ಕಾಲೇಜಿನ ಪದವಿ ಒಪ್ಪತಕ್ಕದ್ದು ಎಂಬುದನ್ನು ಬಹುಮಟ್ಟಿಗೆ ಒಂದು ಸ್ವಯಂಸೇವಾ ಸಂಘವೇ ನೋಡಿಕೊಂಡಿತು. ಈ ವೃತ್ತಿಯ ಚರಿತ್ರೆಯನ್ನು ಚಿಕಿತ್ಸಾ ವಿಧಾನಗಳ ಚರಿತ್ರೆಯಾಗಿ ಬರೆದಿರುವುದೇ ಹೆಚ್ಚು. ಅದನ್ನು ಸದಸ್ಯತ್ವದ ಚರಿತ್ರೆಯಾಗಿಯೂ ಓದಬೇಕು ಎಂಬುದು ಈ ಲೇಖನದ ವಾದ.

1917ರ ಮಾರ್ಚ್ 15ರಂದು ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ, ಜಾರ್ಜ್ ಎಡ್ವರ್ಡ್ ಬಾರ್ಟನ್ ಅವರ 'ಕನ್ಸೋಲೇಷನ್ ಹೌಸ್' ಎಂಬ ಮನೆಯಲ್ಲಿ, ಬೆರಳೆಣಿಕೆಯ ಜನ ಕಲೆತು ಈ ವೃತ್ತಿಯ ಮೊದಲ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಬಾರ್ಟನ್ ವಾಸ್ತುಶಿಲ್ಪಿ, ಕ್ಷಯಕ್ಕೂ ಮುಂದೆ ಪಾರ್ಶ್ವವಾಯುವಿಗೂ ತುತ್ತಾಗಿ, ತೋಟದ ಕೆಲಸ ಮತ್ತು ಮರಗೆಲಸದಿಂದಲೇ ಚೇತರಿಸಿಕೊಂಡವರು. ಮನೋವೈದ್ಯ ವಿಲಿಯಂ ರಶ್ ಡಂಟನ್, ಸಮಾಜಸೇವೆಯ ಹಿನ್ನೆಲೆಯ ಎಲೀನರ್ ಕ್ಲಾರ್ಕ್ ಸ್ಲೇಗಲ್, ಕರಕುಶಲ ಕಲೆಯ ಶಿಕ್ಷಕಿ ಸೂಸನ್ ಕಾಕ್ಸ್ ಜಾನ್ಸನ್, ಕೆನಡಾದಿಂದ ಬಂದ ಥಾಮಸ್ ಕಿಡ್ನರ್, ಬಾರ್ಟನ್ ಅವರ ಕಾರ್ಯದರ್ಶಿ ಇಸಬೆಲ್ ನ್ಯೂಟನ್ ಜೊತೆಗಿದ್ದರು. ಒಂದೇ ವಿದ್ಯೆ ಕಲಿತು ಬಂದ ಗುಂಪಲ್ಲ ಇದು. ವೃತ್ತಿಗೆ ಇನ್ನೂ ನಿಶ್ಚಿತ ಪಠ್ಯಕ್ರಮವಿಲ್ಲದ ಆ ಹೊತ್ತಿನಲ್ಲಿ ಸಂಘ ಮೊದಲು ಹುಟ್ಟಿತು. ವೃತ್ತಿಯ ಗಡಿಗೆರೆಗಳನ್ನು ಆಮೇಲೆ ಅದೇ ಎಳೆಯಿತು. ಅಮೆರಿಕ ಮಹಾಯುದ್ಧಕ್ಕಿಳಿದದ್ದು ಮರುತಿಂಗಳೇ. ಗಾಯಾಳು ಸೈನಿಕರ ಆರೈಕೆಗೆ 'ರಿಕನ್‌ಸ್ಟ್ರಕ್ಷನ್ ಏಡ್' ಎಂಬ ಹೆಸರಿನಲ್ಲಿ ಮಹಿಳೆಯರನ್ನು ನೇಮಿಸಿದಾಗ ಈ ಕೆಲಸಕ್ಕೆ ಸಂಬಳದ ಹುದ್ದೆಗಳು ಸೃಷ್ಟಿಯಾದವು.

ಯುದ್ಧ ಮುಗಿದ ಮೇಲೆ ತರಬೇತಿ ಇಲ್ಲದವರನ್ನು ಹೊರಗಿಡುವ ಪ್ರಶ್ನೆ ಎದ್ದಿತು. 1923ರಲ್ಲಿ ಸಂಘ ಕನಿಷ್ಠ ತರಬೇತಿಯ ಮಾನದಂಡಗಳನ್ನು ಒಪ್ಪಿತು. 1930ರ ದಶಕದ ಆರಂಭದಲ್ಲಿ ಅರ್ಹರ ರಾಷ್ಟ್ರೀಯ ನೋಂದಣಿ ಪುಸ್ತಕವನ್ನು ತೆರೆಯಿತು. ಈ ಕಟ್ಟುಪಾಡುಗಳ ಹಿಂದೆ ಸ್ಲೇಗಲ್ ಅವರ ದುಡಿಮೆ ಬಹಳ. 1937ರವರೆಗೆ ಸಂಘದ ಕಾರ್ಯದರ್ಶಿಯಾಗಿ ಅವರು ಮಾಡಿದ ಪತ್ರವ್ಯವಹಾರ ಮತ್ತು ಕಡತಗಳ ಕೆಲಸಕ್ಕೆ ಚಿಕಿತ್ಸಾ ತತ್ತ್ವಗಳಷ್ಟೇ ಮಹತ್ವ ಸಲ್ಲಬೇಕೆಂದು ನನಗನಿಸುತ್ತದೆ. ಆದರೆ ಸದಸ್ಯರ ಹಿತ ಕಾಯುವ ಸಂಸ್ಥೆಯೇ ಅವರ ಅರ್ಹತೆಯನ್ನೂ ಅಳೆಯುವುದರಲ್ಲಿ ಒಂದು ತೊಡಕಿದೆ. 1986ರಲ್ಲಿ ಪ್ರಮಾಣೀಕರಣದ ಕೆಲಸವನ್ನು ಬೇರೊಂದು ಮಂಡಳಿಗೆ ಒಪ್ಪಿಸಲಾಯಿತು. ಬ್ರಿಟನ್ನಿನಲ್ಲಿ ಇದು ಇನ್ನೂ ಮೊದಲೇ ಆಗಿತ್ತು: 1960ರ ಕಾಯ್ದೆ ನೋಂದಣಿಯನ್ನು ಶಾಸನಬದ್ಧ ಮಂಡಳಿಗೆ ವಹಿಸಿದ್ದರಿಂದ ವೃತ್ತಿ ಸಂಘವು ಶಿಕ್ಷಣದ ಜೊತೆಗೆ ಕಾರ್ಮಿಕ ಸಂಘಟನೆಯ ಪಾತ್ರಕ್ಕೂ ಹೊರಳಲು ಸಾಧ್ಯವಾಯಿತು.

ಭಾರತದ ಕಥೆ ಬೇರೆಯೇ. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ ಕಮಲಾ ನಿಂಬ್ಕರ್ ಆದವರು 1950ರಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ಆರಂಭಿಸಿದರು. ಎರಡೇ ವರ್ಷಕ್ಕೆ, 1952ರಲ್ಲಿ, ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘ ಸ್ಥಾಪನೆಯಾಯಿತು. ಅವರೇ ಮೊದಲ ಅಧ್ಯಕ್ಷೆ. ಅದೇ ವರ್ಷ ವಿಶ್ವ ಒಕ್ಕೂಟ ರೂಪುಗೊಂಡಾಗ ಸ್ಥಾಪಕ ದೇಶಗಳು ಹತ್ತು, ಅವುಗಳಲ್ಲಿ ಭಾರತವೂ ಒಂದು. ಆಗ ದೇಶದಲ್ಲಿ ಈ ವಿದ್ಯೆ ಕಲಿತವರು ತೀರ ಕಡಿಮೆ. ಅಂಥ ಪುಟ್ಟ ಸಮುದಾಯ ತನ್ನ ಸಂಖ್ಯೆ ಬೆಳೆಯುವವರೆಗೆ ಕಾಯದೆ ಜಾಗತಿಕ ವೇದಿಕೆಯಲ್ಲಿ ಸ್ಥಾನ ಹಿಡಿದದ್ದು ದೂರದೃಷ್ಟಿಯ ಕೆಲಸ. ವಿಶ್ವ ಒಕ್ಕೂಟ 1958ರಲ್ಲಿ ಶಿಕ್ಷಣದ ಕನಿಷ್ಠ ಮಾನದಂಡಗಳನ್ನು ಪ್ರಕಟಿಸಿತು. ವಿದ್ಯಾರ್ಥಿ ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕೆಂಬ ಇಂದಿನ ನಿಯಮ ಅದೇ ಪರಂಪರೆಯದು. ಒಕ್ಕೂಟದೊಳಗೆ ಪ್ರತಿ ದೇಶದ ಪ್ರತಿನಿಧಿ ಅಲ್ಲಿನ ರಾಷ್ಟ್ರೀಯ ಸಂಘವೇ ಆದ್ದರಿಂದ, ಭಾರತದ ಕಾಲೇಜುಗಳಿಗೆ ಅಂತರರಾಷ್ಟ್ರೀಯ ಮನ್ನಣೆಯ ದಾರಿ ಸಂಘದ ಮೂಲಕವೇ ಹಾದುಹೋಯಿತು. ಮಣಿಪಾಲದಲ್ಲೋ ಮುಂಬೈಯಲ್ಲೋ ಓದಿ ಹೊರದೇಶದ ಆಸ್ಪತ್ರೆಗೆ ಹೊರಟವರಿಗೆ ಈ ಮನ್ನಣೆ ಜೀವನದ ಪ್ರಶ್ನೆ.

ಕೆಲವು ರಾಜ್ಯಗಳು ಕೇಂದ್ರಕ್ಕಿಂತ ಮುಂಚೆ ಎಚ್ಚೆತ್ತವು. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ಫಿಸಿಯೊಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಗೆ ಸೇರಿಸಿ ಪರಿಷತ್ತಿನ ಕಾಯ್ದೆ ಮಾಡಿದವು. ಅಂಥ ಕಾಯ್ದೆ ಇಲ್ಲದ ಕಡೆ ಸಂಘದ ಸದಸ್ಯತ್ವ ಸಂಖ್ಯೆಯೇ ಗುರುತಿನ ಚೀಟಿಯಂತೆ ನಡೆಯಿತು. ಇದರ ಮಿತಿಯೂ ಗಂಭೀರವಾದದ್ದು. ಸಂಘ ತನ್ನ ಸದಸ್ಯರನ್ನು ಶಿಸ್ತಿಗೆ ಒಳಪಡಿಸಬಲ್ಲದು. ಸದಸ್ಯತ್ವವನ್ನೇ ಪಡೆಯದೆ, ತರಬೇತಿಯೂ ಇಲ್ಲದೆ ಬೋರ್ಡು ತಗುಲಿಸಿ ಕೂತವರನ್ನು ತಡೆಯುವ ಅಧಿಕಾರ ಅದಕ್ಕಿಲ್ಲ. ಮಗುವಿನ ಚಿಕಿತ್ಸೆಗೆಂದು ಸಾಲ ಮಾಡಿ ಬಂದ ತಂದೆತಾಯಿಗೆ ಯಾರು ಕಲಿತವರು, ಯಾರು ಅಲ್ಲ ಎಂದು ಹೇಳುವ ಸಾರ್ವಜನಿಕ ದಾಖಲೆ ಇರಲಿಲ್ಲ. ಆ ಹಾನಿಯನ್ನು ಹಗುರವಾಗಿ ಕಾಣಲಾಗದು.

2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಆಕ್ಯುಪೇಷನಲ್ ಥೆರಪಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡು, ರಾಜ್ಯ ಪರಿಷತ್ತುಗಳಿಗೂ ನೋಂದಣಿಗೂ ಅವಕಾಶ ಮಾಡಿದೆ. ಇದರಿಂದ ಅರ್ಹತೆಯ ಮುದ್ರೆ ಒತ್ತುವ ಹೊಣೆ ಸಂಘದ ಕೈಯಿಂದ ಜಾರುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಹುದ್ದೆ, ವೇತನಶ್ರೇಣಿ, ಬಡ್ತಿಯ ಮೆಟ್ಟಿಲು ಇವೆಲ್ಲ ನೋಂದಣಿಯಿಂದ ತಾನಾಗಿ ಬರುವಂಥವಲ್ಲ. ಅವನ್ನು ಸಂಘಟಿತರಾಗಿಯೇ ಕೇಳಿ ಪಡೆಯಬೇಕು. 1952ರಿಂದ ಬೆಳೆದುಬಂದ ಸದಸ್ಯರ ಪಟ್ಟಿಗಳು, ವಾರ್ಷಿಕ ಸಮ್ಮೇಳನಗಳ ನಡಾವಳಿಗಳು, ಸಂಘದ ನಿಯತಕಾಲಿಕೆಯ ಹಳೆಯ ಸಂಪುಟಗಳು ಹೊಸ ಪರಿಷತ್ತುಗಳ ಕಡತಗಳ ನಡುವೆ ಕಳೆದುಹೋಗುವ ಮೊದಲು ಅವನ್ನು ಡಿಜಿಟಲ್ ರೂಪಕ್ಕೆ ತಂದು ಸಂಶೋಧಕರಿಗೆ ತೆರೆದಿಡುವ ಕೆಲಸ ಈಗಲೇ ಆರಂಭವಾಗಬೇಕು.